ನಮ್ಮ ಸತ್ತವರನ್ನು ಮಣ್ಣು ಮಾಡಿದವನು

ಆರ್ವಿಡ್ ಮಾವ ಹುಟ್ಟಿನಿಂದ ನಮ್ಮವನಲ್ಲ. ಉತ್ತರದ ಹಿಮದ ಸೀಮೆಯಲ್ಲಿ ಹಸು ಸಾಕುವ ಬಿಳಿಯರ ಮನೆಯ ಮಗ. ಚಿಕ್ಕವನಿದ್ದಾಗ ಅವರೂರಿನ ಕ್ಷೌರದಂಗಡಿಯ ಗೋಡೆಯ ಮೇಲೆ ನಮ್ಮ ನವಾಹೋ ಬುಡಕಟ್ಟಿನ ಕಂಬಳಿಯೊಂದನ್ನು ಕಂಡನಂತೆ. ಕೂದಲು ಕತ್ತರಿಸಿ ಮುಗಿದರೂ ಕುರ್ಚಿಯಿಂದ ಇಳಿಯಲೇ ಇಲ್ಲವಂತೆ. ಮೀಸೆ ಬಂದ ಮೇಲೆ ಆ ಕಂಬಳಿ ನೇಯ್ದವರನ್ನು ಹುಡುಕಿಕೊಂಡು ನಮ್ಮ ಕೆಂಪು ಕಣಿವೆಗೆ ಬಂದ, ಅಂಗಡಿಯಲ್ಲಿ ಹಿಟ್ಟು, ಕಾಫಿಪುಡಿ ತೂಗುವ ಕೆಲಸಕ್ಕೆ ನಿಂತ. ಮತ್ತೆ ಊರ ಕಡೆ ತಲೆ ಹಾಕಲಿಲ್ಲ.

ನಮ್ಮ ಮಾತು ಕಲಿಯಲು ಅವನು ಪಟ್ಟ ಪಾಡು ಅಜ್ಜಿಗೆ ಹಬ್ಬ. "ಏಯ್ ಉದ್ದಗಾಲ, 'ಕುರಿ ನನ್ನ ಉಣ್ಣೆ ಕತ್ತರಿಸ್ತು' ಅಂದ್ಯಲ್ಲೋ! ಅದಕ್ಕೇ ನೋಡು ತಲೆ ಬೋಳಾಗ್ತಿರೋದು" ಎನ್ನುವಳು. ಅವನೂ ತಲೆ ಸವರಿಕೊಂಡು ನಗುವನು. ಸತ್ತವರ ಹೆಸರನ್ನು ನಾವು ಎತ್ತುವುದಿಲ್ಲ. ಅಜ್ಜಿ ಎಂದರೆ ಸಾಕು.

ಒಂದು ಕೆಲಸಕ್ಕೆ ಮಾತ್ರ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ನಾವು ಹೆಣ ಮುಟ್ಟುವವರಲ್ಲ. ಮನುಷ್ಯ ಸತ್ತಾಗ ಅವನ ಒಳ್ಳೆಯದೆಲ್ಲ ಹೊರಟುಹೋಗಿ, ಉಳಿದದ್ದು ಅಲ್ಲೇ ಸುಳಿದಾಡುತ್ತದೆ, ಮುಟ್ಟಿದವರಿಗೆ ಅಂಟಿಕೊಳ್ಳುತ್ತದೆ. ಬಿಳಿಯರಿಗೆ ಅದು ಅಂಟದು ಎಂದು ನಂಬಿಕೆ. ಹಾಗಾಗಿ ಸಾವಾದ ಮನೆಯವರು ಅಂಗಡಿಯ ಬಾಗಿಲಲ್ಲಿ ನಿಂತು, "ಉದ್ದಗಾಲ, ಸ್ವಲ್ಪ ಬಾ" ಎಂದರೆ ಸಾಕು, ಅವನು ಸಲಿಕೆ ಹಿಡಿದು ಹೊರಡುವನು.

"ಒಂದೊಂದು ಸಲ ಕರೆದಾಗಲೂ 'ನೀನು ನಮ್ಮವನಲ್ಲ' ಅಂತ ಇನ್ನೊಂದು ಸಲ ಹೇಳಿದ ಹಾಗಾಗುತ್ತೆ ದೆಸ್ಬಾ" ಎಂದು ನನ್ನೆದುರು ಒಮ್ಮೆ ಹೇಳಿದ್ದ. ಆದರೂ ಹೋಗದೆ ಇದ್ದವನಲ್ಲ.

ಕೆಮ್ಮಿನ ಕಾಯಿಲೆ ಬಂದ ವರ್ಷ ಅವನಿಗೆ ಬಿಡುವೇ ಸಿಗಲಿಲ್ಲ. ಅದಾದ ಮೇಲೆ ಒಣಗತೊಡಗಿದ. ಪೇಟೆಯ ಡಾಕ್ಟರು ಏನೂ ಇಲ್ಲ ಎಂದರು. ನಾನೂ ಅಜ್ಜಿಯೂ ಕಾಫಿಪುಡಿಗೆಂದು ಹೋದ ದಿನ, ಖಾಲಿ ಅಂಗಡಿಯಲ್ಲಿ ಹಿಟ್ಟು ತೂಗಿ, ಯಾರೂ ಇಲ್ಲದ ಕಡೆಗೆ ಚೀಲ ಚಾಚಿ ನಿಂತಿದ್ದ.

"ಯಾರಿಗೋ ಅದು?" ಎಂದಳು ಅಜ್ಜಿ.

"ನಿಮ್ಮ ತಂಗಿಗೆ."

ಆ ತಂಗಿಯನ್ನು ಹಿಂದಿನ ಚಳಿಗಾಲದಲ್ಲಿ ಅವನೇ ಮಣ್ಣು ಮಾಡಿದ್ದ. ಅಜ್ಜಿ ಸೆರಗಿನಂತೆ ಹೊದ್ದಿದ್ದ ಶಾಲನ್ನು ಬಿಗಿಯಾಗಿ ಎಳೆದುಕೊಂಡು ಅವನನ್ನೇ ದಿಟ್ಟಿಸಿದಳು.

"ಇದು ಬಿಳಿಯರಿಗೆ ಅಂಟೋ ಕಾಯಿಲೆ ಅಲ್ಲ ಕಣೋ. ನಿನಗೆ ಅಂಟಿದೆ ಅಂದ್ರೆ ನೀನು ಬಿಳಿಯ ಅಲ್ಲ." ಆಮೇಲೆ, "ನಡಿ ಮಗಾ, ಮನೆಗೆ" ಎಂದಳು.

ಆರ್ವಿಡ್ ಹಿಟ್ಟಿನ ಚೀಲದ ಮೇಲೆ ಮುಖವಿಟ್ಟು ಅತ್ತುಬಿಟ್ಟ.

ಅಜ್ಜಿ ತನ್ನ ಕುರಿಗಳನ್ನು ಕೊಟ್ಟು, ಹಾಡಿ ವಾಸಿಮಾಡುವ ಹೋಸ್ಟೀನ್ ಬಿಟ್ಸಿಲಿಯನ್ನು ಕರೆಸಿದಳು. ಹಾಡು ಮುಗಿಯುವ ಹೊತ್ತಿಗೆ ಆರ್ವಿಡ್ ಹಸಿವು ಅಂದ. "ಇನ್ನು ಮೇಲೆ ಹೆಣ ಮುಟ್ಟಬೇಡಪ್ಪ. ನಮಗೆ ಹೇಗೋ ನಿನಗೂ ಹಾಗೇ" ಎಂದು ಹೇಳಿ ಬಿಟ್ಸಿಲಿ ಹೊರಟ. ಅಂದಿನಿಂದ ಆರ್ವಿಡ್ ನಮ್ಮಮ್ಮನಿಗೆ ಅಣ್ಣ, ನನಗೆ ಮಾವ. ನಮ್ಮ ಮನೆಯ ಪಕ್ಕದಲ್ಲೇ ಮಣ್ಣಿನ ಗುಂಡುಮನೆ ಕಟ್ಟಿಕೊಂಡ.

ಅಜ್ಜಿಯ ಕೊನೆಗಾಲ ಬಂದಾಗ ಅವಳನ್ನು ಮನೆಯಿಂದ ಹೊರಗೆ ಸೊಪ್ಪಿನ ಚಪ್ಪರದಡಿ ಮಲಗಿಸಿದೆವು. ಮನೆಯೊಳಗೆ ಜೀವ ಹೋದರೆ ಆ ಮನೆಯನ್ನೇ ಬಿಡಬೇಕಾಗುತ್ತದೆ. ಹಳೆಯ ಅಭ್ಯಾಸದಿಂದ ಎಲ್ಲರ ಕಣ್ಣೂ ಮಾವನ ಕಡೆ ಹೊರಳಿತು. ಅವನು ಎದ್ದೇಬಿಟ್ಟ.

"ಕೂತ್ಕೋ" ಎಂದಳು ಅಜ್ಜಿ. "ಹೆತ್ತ ಮಕ್ಕಳು ಆ ಕೆಲಸ ಮಾಡಲ್ಲ. ಆ ಹೊಸ ಬಿಳಿ ಪಾದ್ರಿನ ಕರೀರಿ. ಆಮೇಲೆ ಎಲ್ಲರೂ ದೂರ ಹೋಗಿ, ನೀನೂ ಹೋಗು."

ಪಾದ್ರಿಯನ್ನು ಕರೆತರಲು ಮಾವನೂ ನಾನೂ ಹೋದೆವು. ದಾರಿಯುದ್ದಕ್ಕೂ ಮಾವ ಅವನಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ: ಒಳ್ಳೆಯ ಕಂಬಳಿ ಸುತ್ತಬೇಕು, ಹಸಿರುಕಲ್ಲಿನ ಸರ ತೆಗೆಯಬಾರದು, ಕಾಲಿನ ಕೆರ ಅದಲುಬದಲು ಮಾಡಬೇಕು. ಯಾಕೆಂದು ಮಾತ್ರ ಹೇಳಲಿಲ್ಲ. ನಮ್ಮಲ್ಲಿ ಎಡದ್ದು ಬಲಗಾಲಿಗೆ, ಬಲದ್ದು ಎಡಗಾಲಿಗೆ ಹಾಕಿದರೆ ಸತ್ತವರಿಗೆ ಬಂದ ದಾರಿ ಹಿಡಿದು ಹಿಂದಿರುಗಲು ಆಗದು. ಪಾದ್ರಿ ಇನ್ನೂ ಹುಡುಗ. ಎಲ್ಲಕ್ಕೂ ವಿನಯದಿಂದ ತಲೆಯಾಡಿಸಿದ.

ನಾವು ಬರುವಷ್ಟರಲ್ಲಿ ಅಜ್ಜಿಯ ಜೀವ ಹೋಗಿತ್ತು. ನಾವೆಲ್ಲ ಬಂಡೆಯ ಆಚೆ ಬೆನ್ನು ತಿರುಗಿಸಿ ಕೂತೆವು. ಬಿಸಿಲು ಇಳಿಯುವಾಗ ಪಾದ್ರಿ ಅವಳನ್ನು ಮಣ್ಣು ಮಾಡಿ, ಕೈ ಒರೆಸಿಕೊಳ್ಳುತ್ತ ಬಂದ. ಮಾವನೂ ನಾನೂ ಎದ್ದು ಎದುರು ಹೋದೆವು.

"ಕೆರ?" ಎಂದ ಮಾವ.

"ನೀವು ಹೇಳಿದ ಹಾಗೇ ಅದಲುಬದಲು ಮಾಡಿದೆ. ಪಾಪ, ಕಣ್ಣು ಕಾಣದೆ ತಪ್ಪಾಗಿ ಹಾಕ್ಕೊಂಡಿದ್ರು, ಎಡದ್ದು ಬಲಕ್ಕೆ. ಈಗ ಸರಿಯಾಗಿ ಕೂತಿದೆ."

ಹೊರಗಿನವನಿಗೆ ಗೊತ್ತಿರಲಾರದು ಎಂದು ಅಜ್ಜಿ ಸಾಯುವ ಮುನ್ನ ತನ್ನ ಕೈಯಾರೆ ಕೆರ ಬದಲಿಸಿಕೊಂಡಿದ್ದಳು. ಪಾದ್ರಿ ಅದನ್ನು ಮತ್ತೆ ತಿರುಗಿಸಿ, ಅವಳು ಹಿಂದಿರುಗಿ ನಡೆದು ಬರುವ ಹಾಗೆ ಮಾಡಿ ಬಂದಿದ್ದ. ಮುಚ್ಚಿದ ಗುಂಡಿಯನ್ನು ತೆರೆಯುವುದು ಮಾಟಗಾರರ ಕೆಲಸ, ನಮ್ಮವರು ಯಾರೂ ಮಾಡುವಂಥದ್ದಲ್ಲ. ಮಾವ ಈಗ ನಮ್ಮವನು.

"ಮನೇಲಿ ಹೇಳಬೇಡ ದೆಸ್ಬಾ" ಎಂದನಷ್ಟೆ.

ಆ ಚಳಿಗಾಲ ಕುರಿಗಳನ್ನು ಹೊಡೆದುಕೊಂಡು ದಿಬ್ಬದ ಆಚೆಗೆ ಬಿಡಾರ ಬದಲಿಸಿದೆವು. ಅಲ್ಲಿ ಮಾವ ಎಲ್ಲರಿಗಿಂತ ಮೊದಲು ಎದ್ದು, ಜೂನಿಪರ್ ಕೊಂಬೆಯಿಂದ ನಮ್ಮ ಬಾಗಿಲ ಮುಂದಿನ ಮರಳು ಗುಡಿಸತೊಡಗಿದ. ಅಮ್ಮನಿಗೆ ಅದು ಅಣ್ಣನ ಅಚ್ಚುಕಟ್ಟುತನ. ಒಂದು ಬೆಳಿಗ್ಗೆ ನಾನೂ ಬೇಗ ಎದ್ದು ಹೊರಗೆ ಬಂದೆ. ಅವನು ಅವಸರದಲ್ಲಿ ಕೆರದ ಗುರುತಿನಂಥ ಏನನ್ನೋ ಅಳಿಸಿದ. ಮತ್ತೆ ಬಡಕಲಾಗಿದ್ದ.

"ಬಿಟ್ಸಿಲಿನ ಕರೆಸೋಣ ಮಾವ. ಇನ್ನೊಂದು ಸಲ ಹಾಡಿಸೋಣ."

"ಬೇಡ. ಹಾಡಿದ್ರೆ ಅವಳು ಬರೋದು ನಿಂತುಹೋಗುತ್ತೆ" ಎಂದ. "ಮಗನ ಬಾಗಿಲಿಗೆ ಬಂದ ತಾಯಿನ ನಾನು ಹೇಗಮ್ಮ ಓಡಿಸಲಿ?"

ಒಳಗೆ ಹೋಗಿ ಅಮ್ಮನನ್ನು ಎಬ್ಬಿಸಿ, ಎಲ್ಲವನ್ನೂ ಹೇಳಿದೆ. ಅಮ್ಮ ಶಾಲು ಹೊದ್ದು, ಬಿಟ್ಸಿಲಿಯ ಮನೆಯ ದಾರಿ ಹಿಡಿದಳು. ಮಾವ ಅವಳನ್ನು ತಡೆಯಲಿಲ್ಲ, ಹಿಂದೆಯೂ ಹೋಗಲಿಲ್ಲ.