ಗಿರಿಧಾಮದ ಗಿರಾಕಿ

ಹೊಲಿಯುತ್ತಿದ್ದ ಅಂಗಿಯ ತೋಳಿಗೆ ಸೂಜಿ ಚುಚ್ಚಿಟ್ಟು ಅವಳು ಹೊಲಿಗೆ ಯಂತ್ರವನ್ನು ಕಿಟಕಿಯ ಕಡೆಗೆ ದೂಡಿದಳು. ಇಡೀ ಮನೆಯಲ್ಲಿ ಬಣ್ಣ ಉದುರದೆ ಉಳಿದಿದ್ದುದು ಯಂತ್ರದ ಹಿಂದಿನ ಆ ಒಂದು ಗೋಡೆ ಮಾತ್ರ. ಅದರ ಮುಂದೆ ಎರಡು ಕುರ್ಚಿ ಹಾಕಿ ಕೂತರೆ, ಫೋನಿನ ಆಚೆಗಿದ್ದವರ ಕಣ್ಣಿಗೆ ಗಂಡ ಹೆಂಡತಿ ಇಬ್ಬರೂ ಅನುಕೂಲಸ್ಥರಾಗಿಯೇ ಕಾಣುತ್ತಿದ್ದರು.

"ಇನ್ನೂ ಸ್ವಲ್ಪ ಆ ಕಡೆ," ಎಂದ ಗಂಡ. "ಬಟ್ಟೆ ಗಂಟು ಕಾಣ್ತಿದೆ ನೋಡು."

ಗಂಟನ್ನು ಕಾಲಿನಿಂದ ಮಂಚದಡಿಗೆ ಸರಿಸಿ ಅವಳು ಬಂದು ಪಕ್ಕದಲ್ಲಿ ಕೂತಳು.

ತಲೆ ನರೆಯುವವರೆಗೆ ಅವನು ಒಂದು ಫರ್ನಿಚರ್ ಅಂಗಡಿಯಲ್ಲಿ ಸೋಫಾ ಮಾರಿದವನು. ಬಂದವರು ಕೂತು, ಎದ್ದು, ಮತ್ತೆ ಕೂತು, "ಯೋಚನೆ ಮಾಡಿ ಹೇಳ್ತೀವಿ" ಎಂದು ಹೊರಟಾಗಲೂ ನಗು ಮಾಸದಂತೆ ನೋಡಿಕೊಂಡವನು. ಅಂಗಡಿ ಮುಚ್ಚಿದ ಮೇಲೆ ಅವನಿಗೆ ಊಟ ಬೇಡವಾಯಿತು, ಮಾತು ಬೇಡವಾಯಿತು. ಹೀಗಿರುವಾಗ ಅದು ಹೇಗೋ ಫೋನಿನಲ್ಲಿ ಗಿರಿಧಾಮದ ಮಾರಾಟದ ಮನೆಗಳು ಸಿಕ್ಕವು. ದೂರದೂರಿನವರು ಕೂತಲ್ಲಿಂದಲೇ ನೋಡಿ ಕೊಳ್ಳಲೆಂದು ಮಾಡಿಟ್ಟದ್ದು ಅದು. ನೆಲದ ಮೇಲಿನ ಬಿಳಿ ಚುಕ್ಕಿ ಮುಟ್ಟಿದರೆ ಸಾಕು, ಮುಂದಿನ ಕೋಣೆಗೆ ಕಾಲಿಟ್ಟಂತೆ. ಮನೆ ಮನಸ್ಸಿಗೆ ಬಂದರೆ ಮಾರುವ ಕಂಪನಿಯ ಹುಡುಗಿಯೇ ವಿಡಿಯೋ ಕರೆ ಮಾಡಿ, ಫೋನು ಹಿಡಿದು ಅಂಗಳದಿಂದ ಅಟ್ಟದವರೆಗೆ ಸುತ್ತಿಸುತ್ತಿದ್ದಳು. ಅವನ ಮುಖದಲ್ಲಿ ಕಳೆ ಬಂತು. ಎರಡು ತುತ್ತು ಹೆಚ್ಚಿಗೆ ಉಣ್ಣತೊಡಗಿದ. ತನ್ನ ಮೂಗಿಗೆ ತಾನೇ ತುಪ್ಪ ಸವರಿಕೊಂಡರೆ ಯಾರಿಗೇನು ನಷ್ಟ ಎಂದುಕೊಂಡು ಅವಳೂ ಆಟಕ್ಕೆ ಕೂಡಿಕೊಂಡಳು.

"ನಮಸ್ಕಾರ ಸರ್, ನಮಸ್ಕಾರ ಮೇಡಂ." ಚಳಿಗೆ ಹುಡುಗಿಯ ಮೂಗು ಕೆಂಪಾಗಿತ್ತು. ಫೋನು ಅತ್ತ ತಿರುಗಿತು. ಗಾಜಿನ ಗೋಡೆ, ಅದರಾಚೆ ಬೆಟ್ಟದ ಬೆನ್ನಿಗೆ ಬೆಟ್ಟ.

"ಈ ಸೋಫಾ ತೇಗದ್ದಲ್ಲ, ಮೇಲೆ ಬಣ್ಣ ಹೊಡೆದಿದ್ದಾರೆ," ಎಂದ ಗಂಡ. "ತೆಗೆಸಿಬಿಡಿ."

"ತೆಗೆಸೋಣ ಸರ್."

"ನಮ್ಮನೆಯವಳು ಏನೋ ಕೇಳಬೇಕಂತೆ."

ಅಡುಗೆಮನೆಯ ವಿಚಾರ ಯಾವತ್ತೂ ಅವಳ ಪಾಲಿನ ಮಾತು. "ಒಲೆ ಹತ್ರ ಗಾಳಿ ಆಡತ್ತಾ?" ಎಂದಳು.

"ಆಡೋದೇನು ಮೇಡಂ, ಮಾಡಿದ ಅಡುಗೆನೂ ಹಾರಿಸ್ಕೊಂಡು ಹೋಗತ್ತೆ."

ಮೂವರೂ ನಕ್ಕರು. ಇನ್ನು ಅವನು "ಯೋಚನೆ ಮಾಡಿ ಹೇಳ್ತೀವಿ" ಎನ್ನಬೇಕು. ಆ ಮಾತನ್ನು ಅವನು ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದ. ಇವತ್ತು ಹೇಳಲಿಲ್ಲ. "ಇದೇ ಆಗ್ಲಿ. ತಿಂಗಳ ಕೊನೆಗೆ ಬಂದುಬಿಡ್ತೀವಿ," ಎಂದ. ಆಟಕ್ಕೆ ಹೊಸದೊಂದು ತಿರುವು ಕೊಟ್ಟನೆಂದು ಅವಳು ನಗುತ್ತಲೇ ಎದ್ದು ಯಂತ್ರವನ್ನು ಮತ್ತೆ ಎಳೆದುಕೊಂಡಳು.

ತೋಳು ಹೊಲಿದು ಮುಗಿಯುವಷ್ಟರಲ್ಲಿ ಕೆಳಗಿನ ಮನೆಯ ಯಜಮಾನಿ, ಇವರಿಗೆ ಬಾಡಿಗೆಗೆ ಕೊಟ್ಟವಳು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

"ಅಲ್ಲಮ್ಮಾ, ಎಷ್ಟು ಗಟ್ಟಿ ಮನಸ್ಸು ನಿಂದು. ಬೆಟ್ಟದ ಮೇಲೆ ಬಂಗ್ಲೆ ತಗೊಂಡ್ರಿ, ನನ್ನ ಹತ್ರ ಒಂದು ಮಾತಿಲ್ಲ."

"ಯಾರಕ್ಕಾ ಹೇಳಿದ್ದು?"

"ನಿಮ್ಮನೆಯವ್ರೇ ನಿನ್ನೆ ಬಂದು ಹೇಳಿದ್ರು, ಮನೆ ಬಿಡ್ತೀವಿ, ಬೇರೆಯವ್ರಿಗೆ ಕೊಟ್ಕೊಳ್ಳಿ ಅಂತ. ನನ್ನ ತಮ್ಮನ ಸಂಸಾರಕ್ಕೆ ಮಾತು ಕೊಟ್ಟೂ ಆಯ್ತು. ಪಾಪ, ಅಲ್ಲಿ ಸಾಮಾನು ಕಟ್ತಾ ಕೂತಿದ್ದಾರೆ." ಯಜಮಾನಿ ಅವಳ ಕೈ ಹಿಡಿದುಕೊಂಡಳು. "ಮೇಲೆ ಹೋದೋರು ಕೆಳಗಿನೋರನ್ನ ಮರೀಬೇಡಿ ಮತ್ತೆ."

ಸುಳ್ಳಕ್ಕಾ, ಎಲ್ಲಾ ಸುಳ್ಳು ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಗಂಡ ಬಂದು ನಿಂತ. "ನೀವೂ ಒಂದ್ಸಲ ಬನ್ನಿ, ಉಳ್ಕೊಳ್ಳೋಕೆ ಜಾಗಕ್ಕೇನೂ ಕಮ್ಮಿ ಇಲ್ಲ," ಎಂದ. ಅಂಗಡಿ ಮುಚ್ಚಿದ ದಿನದಿಂದ ಬಗ್ಗಿದ್ದ ಅವನ ಬೆನ್ನು ನೆಟ್ಟಗಾಗಿತ್ತು. ಅವಳು ಮಾತನ್ನು ನುಂಗಿಕೊಂಡಳು.

ಯಜಮಾನಿ ಇಳಿದು ಹೋದ ಮೇಲೆ ಕೇಳಿದಳು. "ರೀ, ನಾವು ಎಲ್ಲಿಗೆ ಹೋಗೋದು?"

ದಾರಿ ಮರೆತ ಮಗುವನ್ನು ನೋಡುವಂತೆ ಅವನು ಅವಳನ್ನು ನೋಡಿದ. "ಈಗ ತಾನೇ ನೋಡಿದ್ವಲ್ಲೇ. ಒಲೆ ಹತ್ರ ಗಾಳಿ ಆಡತ್ತೆ ಅಂದ್ಲಲ್ಲ."

ಆ ಕಣ್ಣುಗಳಲ್ಲಿ ಎಲ್ಲಾದರೂ ಆಟದ ಒಂದು ಎಳೆ ಉಳಿದಿದೆಯೇ ಎಂದು ಅವಳು ಹುಡುಕಿದಳು. ಇರಲಿಲ್ಲ. ಯಾವಾಗ ಹೋಯಿತೋ, ಪಕ್ಕದಲ್ಲೇ ಕೂತಿದ್ದವಳಿಗೆ ತಿಳಿದಿರಲಿಲ್ಲ.

ಅವನು ಮಂಚದ ಮೇಲೆ ಅಡ್ಡಾದ. ಅವಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕಂಪನಿಯ ಹುಡುಗಿಗೆ ಫೋನು ಮಾಡಿದಳು.

"ನಾವು ಕೊಳ್ಳೋ ಜನ ಅಲ್ಲಮ್ಮಾ. ನಿನ್ನನ್ನ ಸುಮ್ಮನೆ ಸುತ್ತಿಸಿದ್ವಿ."

ಆ ಕಡೆ ಗಾಳಿಯ ಸದ್ದು. ಆಮೇಲೆ ಹುಡುಗಿ ಮೆಲ್ಲಗೆ ಹೇಳಿದಳು. "ಗೊತ್ತು ಮೇಡಂ. ಕೊಳ್ಳೋರು ಯಾರೂ ಒಲೆ ಹತ್ರ ಗಾಳಿ ಆಡತ್ತಾ ಅಂತ ಕೇಳಲ್ಲ. ಕಾರು ಎಲ್ಲಿ ನಿಲ್ಸೋದು ಅಂತಾರೆ."

"ಗೊತ್ತಿದ್ದೂ ತೋರಿಸಿದ್ಯಲ್ಲೇ."

"ತೋರಿಸಿದ್ದೂ ನನ್ನ ಕೆಲಸದ ಲೆಕ್ಕಕ್ಕೆ ಬರತ್ತೆ. ಅದೂ ಅಲ್ದೆ ಸರ್ ಬಹುವಚನದಲ್ಲಿ ಮಾತಾಡಿಸ್ತಾರೆ. ಎಲ್ರೂ ಹಾಗಲ್ಲ."

ಫೋನು ಇಡಬಹುದಿತ್ತು. ಅವಳು ಇಡಲಿಲ್ಲ. ತಮ್ಮನ ಸಂಸಾರ ಬಂದಿಳಿದರೆ ಹಳೆಯ ಬಾಡಿಗೆಗೆ ಉಳಿದಿದ್ದ ಈ ಮನೆ ಹೋಯಿತು. ಬರೀ ಹೊಲಿಗೆಯನ್ನು ನಂಬಿ ಈ ಊರಿನಲ್ಲಿ ಇನ್ನೊಂದು ಮನೆ ಕೊಡುವವರಿಲ್ಲ. ಮಂಚದ ಮೇಲೆ ಮಲಗಿದವನನ್ನು ಎಬ್ಬಿಸಿ ನಿಜ ಹೇಳಿದರೆ, ಎದ್ದು ಕೂರುವವನು ಮತ್ತೆ ಆ ಊಟ ಬೇಡದವನೇ.

"ಮನೆಯೋರು ಇಲ್ಲದಾಗ ಅಲ್ಲಿ ಯಾರಿರ್ತಾರೆ?" ಎಂದು ಕೇಳಿದಳು.

"ಯಾರಾದ್ರೂ ಗಂಡ ಹೆಂಡ್ತಿನ ಇಟ್ಕೊಂಡಿರ್ತಾರೆ. ಗುಡಿಸಿ ಒರೆಸೋದು, ಯಜಮಾನ್ರು ಬಂದಾಗ ಬೇಯಿಸಿ ಹಾಕೋದು. ಹಿಂದೆ ಒಂದು ಕೋಣೆ ಕೊಡ್ತಾರೆ. ಆದ್ರೆ ಈ ಚಳಿಗೆ ಯಾರೂ ನಿಲ್ಲಲ್ಲ. ಈ ಮನೆಗೂ ಜನ ಹುಡುಕ್ತಿದ್ದೀವಿ. ಯಾಕೆ ಮೇಡಂ, ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?"

"ಇದ್ದಾರೆ," ಎಂದಳು. "ನಾಳೆ ಹೇಳ್ತೀನಿ."

ಫೋನು ಇಟ್ಟು, ಆಗಲೇ ನೋಡಿದ್ದ ಮನೆಯನ್ನು ತಾನೊಬ್ಬಳೇ ತೆರೆದಳು. ಗಾಜಿನ ಗೋಡೆಯ ಹತ್ತಿರ ನಿಲ್ಲಲಿಲ್ಲ. ಬಿಳಿ ಚುಕ್ಕಿಗಳನ್ನು ಒತ್ತುತ್ತ ಅಡುಗೆಮನೆ ದಾಟಿದಳು. ಅದರಾಚೆ, ಗಂಡ ಯಾವತ್ತೂ ಮುಟ್ಟದ ಕಡೆ, ಒಂದು ಚುಕ್ಕಿಯಿತ್ತು. ಮುಟ್ಟಿದಳು. ಒಂದು ಸಣ್ಣ ಕೋಣೆ. ಮಡಚುವ ಮಂಚ, ನೀರಿನ ಕೊಳವೆ, ಒಂದು ಬಲ್ಬು. ಕಿಟಕಿಯಿರಲಿಲ್ಲ. ಇನ್ನೊಂದು ಮಂಚ ಎಲ್ಲಿ ಹಿಡಿಸಬಹುದೆಂದು ಅವಳು ಕಣ್ಣಿನಲ್ಲೇ ಅಳೆದಳು.

"ಎಲ್ಲಿದ್ದೀಯೇ?" ಒಳಗಿನಿಂದ ಅವನು ಕೂಗಿದ.

"ಮನೆ ನೋಡ್ತಿದ್ದೀನಿ ರೀ."

"ಬೆಟ್ಟ ಕಾಣ್ತಿದೆಯಾ?"

"ಕಾಣ್ತಿದೆ," ಎಂದು ಬೆರಳಿನಿಂದ ಕೋಣೆಯನ್ನು ಇನ್ನೊಂದು ಸುತ್ತು ತಿರುಗಿಸಿದಳು. ಗೋಡೆ ಬಂತು, ಕೊಳವೆ ಬಂತು, ಮತ್ತೆ ಗೋಡೆ ಬಂತು.