ಯು ಇಲ್ಲದ ಕ್ಯೂ

ಪ್ರೂಫ್ ತಿದ್ದುವುದು ನನ್ನ ಹೊಟ್ಟೆಪಾಡು. ಪದ ಜೋಡಿಸುವ ಆಟದ ಹುಚ್ಚರಿಗಾಗಿ ನಮ್ಮ ಪ್ರೆಸ್ಸು ಒಂದು ಇಂಗ್ಲಿಷ್ ಪದಪಟ್ಟಿ ಅಚ್ಚು ಹಾಕುತ್ತಿತ್ತು. ಒಂದೂ ಸ್ವರವಿಲ್ಲದ ಪದಗಳು, ಎರಡು ಝೆಡ್‌ಗಳಲ್ಲಿ ಮುಗಿಯುವ ಪದಗಳು, ಹೀಗೆ. ನಲವತ್ತೊಂದನೇ ಪುಟದಲ್ಲಿ, ಕ್ಯೂ ಆದ ಮೇಲೆ ಯು ಬಾರದ ಪದಗಳು. ಅಲ್ಲಿಂದ, ಕ್ಯೂ ಇಂದ ಶುರುವಾಗುವ 'ಕನಾತ್' ಎಂಬ ಐದಕ್ಷರದ ಪದ ಮೂರು ಸಲ ಮಾಯವಾಯಿತು. ನೆಲದಡಿಯ ನೀರಿನ ಕಾಲುವೆ ಎಂದು ಅದರ ಅರ್ಥ.

ಪಟ್ಟಿ ಮಾಡಿದವರು ಫೋನಿನಲ್ಲಿ ರೇಗಿದರು. ಆ ಸಿಟ್ಟನ್ನೆಲ್ಲ ಹೊತ್ತು ನಾನು ಟೈಪ್ ಮಾಡುವವಳ ಮೇಲೆ ಹರಿಹಾಯ್ದೆ. ಅವಳು ಮೂರೂ ಪ್ರೂಫ್ ತೆಗೆದು ನನ್ನ ಮುಂದೆ ಹರಡಿದಳು.

"ಮೇಡಂ, ನೀವೇ ಹೊಡೆದು ಹಾಕಿದ್ದು. ಮೂರು ಸಲಾನೂ."

ಕೆಂಪು ಗೆರೆ ನನ್ನದೇ. ಎಳೆದ ನೆನಪು ಮಾತ್ರ ಒಂದಿಷ್ಟೂ ಇರಲಿಲ್ಲ.

ಆ ಪದವನ್ನು ನಾನು ಮೊದಲು ಅಳಿಸಿದ್ದು ಅಕ್ಕನ ಮನೆಯಲ್ಲಿ. ಪ್ರತಿ ಭಾನುವಾರ ನಾವಿಬ್ಬರೂ ಅದೇ ಪದ ಜೋಡಿಸುವ ಆಟ ಆಡುತ್ತಿದ್ದೆವು, ಭಾವ ಅಂಕ ಬರೆಯುತ್ತಿದ್ದರು. ಆಟದ ಮಧ್ಯೆ ಡಿಕ್ಷನರಿ ಮುಟ್ಟುವಂತಿಲ್ಲ, ನಾನು ಹೇಳಿದ್ದೇ ಕೊನೆಯ ಮಾತು. "ದಿನವೆಲ್ಲ ಅಕ್ಷರ ಹೆಕ್ಕೋಳು, ಇವಳಿಗಿಂತ ಡಿಕ್ಷನರಿ ಬೇಕಾ?" ಅನ್ನುತ್ತಿದ್ದಳು ಅಕ್ಕ. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಗೆದ್ದವಳಲ್ಲ. ಅಂದು ಕೊನೆಯ ಸರದಿಯ ಹೊತ್ತಿಗೆ ಒಂಬತ್ತು ಅಂಕ ಮುಂದಿದ್ದೆ. ಅಕ್ಕ ಐದು ಅಕ್ಷರದ ಬಿಲ್ಲೆಗಳನ್ನು ಸಾಲಾಗಿ ಇಟ್ಟಳು: ಕನಾತ್. ಪದ ನನಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ ಅಕ್ಕ, ಅಂಥ ಪದಾನೇ ಇಲ್ಲ."

ಅವಳು ನನ್ನ ಮುಖ ನೋಡಿ, ಬಿಲ್ಲೆಗಳನ್ನು ವಾಪಸ್ ತೆಗೆದುಕೊಂಡಳು. ನಾನು ಗೆದ್ದೆ. ಮುಂದಿನ ಭಾನುವಾರ ಮುಖ ತೋರಿಸಲು ನಾಚಿಕೆಯಾಗಿ, ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದೆ. ಆಮೇಲಿನ ಮಂಗಳವಾರ ಅಕ್ಕನ ಎದೆಬಡಿತ ನಿಂತಿತು. ಅಂದಿನಿಂದ ಆ ಆಟದ ಕೋಣೆಗೆ ನಾನು ಕಾಲಿಟ್ಟಿರಲಿಲ್ಲ.

ಪ್ರೂಫ್ ಹಿಡಿದು ನೇರ ಭಾವನ ಬಳಿಗೆ ಹೋದೆ. ಅವರು ಆ ಕೋಣೆಯ ಬಾಗಿಲು ತೆರೆದರು. ಆಟದ ಹಲಗೆ ಅಂದು ಇದ್ದ ಹಾಗೇ ಇತ್ತು.

"ಧೂಳು ಒರೆಸ್ತೀನಿ. ಎತ್ತಿಡೋಕೆ ಮನಸ್ಸಾಗಲ್ಲ."

"ಭಾವ, ಅವತ್ತು ನಾನು ಸುಳ್ಳು ಹೇಳಿದೆ. ಆ ಪದ ಇದೆ."

"ಗೊತ್ತಮ್ಮ," ಅಂದರು ಭಾವ. "ನೀನು ಮೆಟ್ಟಿಲು ಇಳಿಯೋಷ್ಟರಲ್ಲೇ ಅವಳು ಡಿಕ್ಷನರಿ ನೋಡಿದ್ಲು. ನಕ್ಕಳು. 'ಬರೋ ಭಾನುವಾರ ಅವಳೇ ಬಾಯಿ ಬಿಡ್ತಾಳೆ, ನೀವು ಸುಮ್ನಿರಿ' ಅಂದ್ಲು. ಆ ಭಾನುವಾರ ಸಂಜೆ ತನಕ ಇಲ್ಲೇ ಕೂತಿದ್ಲು. ಆಮೇಲೆ 'ಪಾಪ, ತಲೆನೋವಂತಲ್ಲ' ಅಂತ ಎದ್ದು ಹೋದ್ಲು."

ನನಗೆ ಅಳು ತಡೆಯಲಾಗಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಣ್ಣೊರೆಸಿಕೊಂಡು ನನ್ನ ಹಳೆಯ ಕುರ್ಚಿಯಲ್ಲಿ ಕೂತೆ.

ಆಗ ಕಂಡಿತು. ಅಕ್ಕನ ಬಿಲ್ಲೆ ಜೋಡಿಸುವ ಮರದ ಪಟ್ಟಿಯಲ್ಲಿ ಆ ಐದೂ ಅಕ್ಷರಗಳು ಸಾಲಾಗಿ ನಿಂತಿದ್ದವು. ಆಡುವವರು ಅದನ್ನು ಎದುರಿನವರಿಗೆ ಕಾಣದಂತೆ ತಮ್ಮ ಕಡೆಗೆ ತಿರುಗಿಸಿ ಇಟ್ಟುಕೊಳ್ಳುತ್ತಾರೆ. ಅಕ್ಕ ಅದನ್ನು ನನ್ನ ಕುರ್ಚಿಯ ಕಡೆಗೆ ತಿರುಗಿಸಿಟ್ಟಿದ್ದಳು.