ಕೊನೆಯ ಪ್ರಧಾನಿಯ ಭಾಷಣ

ಬಹ್ರೈನಿನ ಕಡಲೂರು ಕನ್ನಡ ಬಳಗಕ್ಕೆ ಹರಿನಾಥ ಒಂಬತ್ತು ವರ್ಷಗಳಿಂದ ಅಧ್ಯಕ್ಷ. ಹಿದ್ ಬಂದರಿನ ಆಫೀಸಿನಲ್ಲಿ ಅವನ ಮಾತಿಗೆ ಯಾರೂ ತಲೆಯಾಡಿಸುವುದಿಲ್ಲ. ತಲೆಯಾಡಿಸುವವರೆಲ್ಲ ಇರುವುದು ಈ ಬಳಗದಲ್ಲೇ. ಹಾಗಾಗಿ ಹತ್ತನೆಯ ವರ್ಷವೂ ಕುರ್ಚಿ ಬೇಕಿತ್ತು. ನಾಮಪತ್ರ ಕೊಡಲು 2010ರ ಅಕ್ಟೋಬರಿನ ಆ ಶುಕ್ರವಾರ ಸಂಜೆಯೇ ಕೊನೆ. ಅವನದು ಜೇಬಿನಲ್ಲಿ ಸಿದ್ಧವಿತ್ತು.

ಅಂದೇ ಮಕ್ಕಳ ಭಾಷಣ ಸ್ಪರ್ಧೆ. ಚೀಟಿಯಲ್ಲಿ ಬಂದ ದೇಶದ ಪ್ರಧಾನಿಯಾಗಿ ಮೂರು ನಿಮಿಷ ಕನ್ನಡದಲ್ಲಿ ಮಾತಾಡಬೇಕು. ಹೊಸ ಚೀಟಿ ಬರೆಯಲು ಬೇಸರವೆಂದು ಹರಿನಾಥ ಆರು ವರ್ಷ ಹಳೆಯ ಚೀಟಿಗಳನ್ನೇ ಎತ್ತಿಸಿದ್ದ. ಅವನ ಮಗಳು ತನ್ವಿಗೆ ಬಂದದ್ದು ಕೆರಿಬಿಯನ್ ಸಮುದ್ರದ ನೆದರ್ಲ್ಯಾಂಡ್ಸ್ ಆಂಟಿಲೀಸ್. ಚೀಟಿ ಎತ್ತಿದ ದಿನದಿಂದ ಮೂರು ವಾರ ಅವಳು ಕಂಪ್ಯೂಟರಿನ ಮುಂದೆ ಕೂತು ಓದಿದಳು. ಏನು ಬರೆದಿದ್ದೀ ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ.

ತೀರ್ಪುಗಾರ್ತಿ ಬೆನೆಡಿಕ್ಟಾ, ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸು, ಬಳಗದ ಕಾರ್ಯದರ್ಶಿಯೂ ಹೌದು. ಪಟ್ಟಿ ನೋಡಿ ತಡೆದಳು.

"ಹರಿನಾಥಣ್ಣ, ಈ ದೇಶ ಹೋದ ಭಾನುವಾರ ಮುಚ್ಚಿತು ಮಾರಾಯ್ರೆ. ಐದು ದ್ವೀಪವೂ ಬೇರೆ ಬೇರೆ ಆಯ್ತು."

"ಮುಚ್ಚಲಿಕ್ಕೆ ಅದೆಂತ ಬೀದಿ ಮೂಲೆಯ ಕೋಲ್ಡ್ ಸ್ಟೋರ್ ಅಂಗಡಿಯಾ?"

"ಇಲ್ಲದ ದೇಶಕ್ಕೆ ಮಾರ್ಕು ಹೇಗೆ ಕೊಡುದು?"

"ಅಧ್ಯಕ್ಷ ನಾನು ಹೇಳ್ತಿದ್ದೇನೆ ಅಲ್ವಾ? ಅವಳು ಮಾತಾಡ್ತಾಳೆ!"

ತನ್ವಿ ಮೈಕ್ ಹಿಡಿದಳು. "ನಾನು ಲಾಸ್ಟ್ ಪ್ರಧಾನಿ. ನನ್ನ ಕುರ್ಚಿಯನ್ನು ನಾನೇ ತೆಗೆಯುದು ನನ್ನ ಕೆಲಸ. ದ್ವೀಪದ ಜನ ವೋಟು ಹಾಕಿ ಬೇರೆ ಹೋಗ್ತೇವೆ ಅಂದ್ರು. ನಾನು ಆಯ್ತು ಅಂದೆ. ನಾನಿಲ್ಲದಿದ್ರೆ ದ್ವೀಪ ಮುಳುಗ್ತದಾ? ಇಲ್ಲ."

ಸಭಾಂಗಣ ಕಿಸಕ್ಕೆಂದಿತು. ಕಣ್ಣುಗಳೆಲ್ಲ ಮುಂದಿನ ಸಾಲಿಗೆ. ಹಿಂದಿನಿಂದ ಯಾರೋ, "ಅಧ್ಯಕ್ಷರೇ, ಕೇಳ್ತುಂಟಾ?" ಎಂದರು. ಹರಿನಾಥನ ಕಿವಿ ಬಿಸಿಯಾಯಿತು. ಹೆತ್ತ ಮಗಳೇ! ಬೈಯುವಂತಿಲ್ಲ, ವೇದಿಕೆ ಹತ್ತಿಸಿದವನು ತಾನೇ.

ಬಹುಮಾನವೂ ಅವಳಿಗೇ ಬಂತು. ಎಲ್ಲ ಮುಗಿದ ಮೇಲೆ ಅವನು ನಾಮಪತ್ರ ಹಿಡಿದು ಬೆನೆಡಿಕ್ಟಾಳ ಮೇಜಿನೆದುರು ನಿಂತ. ಕೊಡಲಿಲ್ಲ, ಹಿಂದಕ್ಕೂ ಇಡಲಿಲ್ಲ.

"ನಾನು ಬಿಟ್ರೆ ಹಾಲ್ ಬುಕ್ ಮಾಡುದು ಯಾರು? ಎಂಬೆಸಿಗೆ ಕಾಗದ ಬರೆಯುದು ಯಾರು?"

"ನಾಲ್ಕು ವರ್ಷದಿಂದ ನಾನೇ ಅಲ್ವಾ, ಅಣ್ಣ?"

"ಹಾಗಾದ್ರೆ ಅಧ್ಯಕ್ಷೆಯೂ ನೀವೇ ಆಗಿ! ನನಗೆ ಸಾಕಾಯ್ತು ನಿಮ್ಮ ಸಹವಾಸ!"

ಬೆನೆಡಿಕ್ಟಾ ಬ್ಯಾಗಿನಿಂದ ತುಂಬಿದ ಫಾರ್ಮೊಂದನ್ನು ತೆಗೆದಳು. "ಆಗ್ತೇನೆ. ಸೂಚಕರ ಜಾಗ ಖಾಲಿ ಉಂಟು. ಒಂದು ಸೈನ್ ಹಾಕಿ."

ತನ್ವಿ ಬಹುಮಾನದ ಕಪ್ಪು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹರಿನಾಥ ಗೊಣಗುತ್ತಲೇ ಪೆನ್ನು ಕಿತ್ತುಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ.